ಒನ್ ಪಾಯಿಂಟ್ ಟೆನ್

ಕಾರಿನ ಪೆನ್‌ಡ್ರೈವ್‌ಗೆ ಹಾಡು ತುಂಬಿಸಿ, ಹೆಸರಿನ ಮುಂದೆ 1, 2, 3 ಅಂತ ನಂಬರ್ ಕೊಟ್ಟವರಿಗೆ ಇದು ಗೊತ್ತಿರುತ್ತೆ. ಒಂದನೇ ಹಾಡು ಮುಗಿದ ಮೇಲೆ ಎರಡನೆಯದು ಬರೋದಿಲ್ಲ, ಹತ್ತನೆಯದು ಬರುತ್ತೆ. ಆಮೇಲೆ ಹನ್ನೊಂದು, ಹನ್ನೆರಡು. ಎರಡನೇ ಹಾಡು ಕೇಳುವಷ್ಟರಲ್ಲಿ ಬೆಂಗಳೂರು ಬಿಟ್ಟವರು ಕುಣಿಗಲ್ ಹತ್ತಿರ ಇರುತ್ತಾರೆ.

ಸ್ಟೀರಿಯೋಗೆ ಸಂಖ್ಯೆ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ನಿಘಂಟಿನಲ್ಲಿ ಪದ ಜೋಡಿಸಿದ ಹಾಗೆ ಎಡದಿಂದ ಒಂದೊಂದೇ ಅಕ್ಷರ ನೋಡಿಕೊಂಡು ಹೋಗುತ್ತೆ. 10ರ ಮೊದಲ ಅಕ್ಷರ 1, ಅದು 2ಕ್ಕಿಂತ ಮುಂಚೆ ಬರುತ್ತೆ, ಅಷ್ಟೇ ಅದರ ಲೆಕ್ಕ. ಹಾಡಿನ ವಿಷಯದಲ್ಲಿ ಇದು ತಮಾಷೆ. ಇದೇ ಲೆಕ್ಕ ಅಪ್‌ಡೇಟ್ ಹುಡುಕುವ ಕೋಡಿನೊಳಗೆ ಕೂತರೆ ತಮಾಷೆ ಮುಗೀತು. 1.9 ಹಾಕಿಕೊಂಡಿರುವ ಕಂಪ್ಯೂಟರು ಸರ್ವರನ್ನು ಕೇಳುತ್ತೆ: ಹೊಸ ಆವೃತ್ತಿ ಯಾವುದು? ಸರ್ವರ್ ಹೇಳುತ್ತೆ: 1.10. ಕೋಡು ಎರಡನ್ನೂ ಅಕ್ಷರಮಾಲೆಯಾಗಿ ಪಕ್ಕಪಕ್ಕ ಇಟ್ಟು ನೋಡುತ್ತೆ. ಒಂದು ಸಮ, ಚುಕ್ಕಿ ಸಮ, ಆಮೇಲೆ ಒಂಬತ್ತರ ಎದುರು ಒಂದು. ಒಂಬತ್ತು ದೊಡ್ಡದು. ಅಂದಮೇಲೆ ನಮ್ಮ ಹತ್ತಿರ ಇರೋದೇ ಹೊಸದು. ಪರದೆ ಮೇಲೆ ಹಸಿರು ಟಿಕ್ ಗುರುತು ಬೀಳುತ್ತೆ: ನೀವು ಇತ್ತೀಚಿನ ಆವೃತ್ತಿಯನ್ನೇ ಬಳಸುತ್ತಿದ್ದೀರಿ.

ಈ ಹಸಿರು ಟಿಕ್ಕನ್ನು ನಾನೇ ಬರೆದಿದ್ದೆ. ಪತ್ತಿನ ಸಹಕಾರ ಸಂಘಗಳಿಗೆ ಠೇವಣಿ, ಸಾಲ, ಪಿಗ್ಮಿ ಲೆಕ್ಕ ನೋಡಿಕೊಳ್ಳುವ ಸಣ್ಣ ಪ್ರೋಗ್ರಾಂ ಅದು. ಫೆಬ್ರವರಿಯಲ್ಲಿ 29 ಬಂದ ವರ್ಷ ಕೆಲವು ಸಾಲಗಳ ಬಡ್ಡಿ ಎಣಿಕೆಯಲ್ಲಿ ಒಂದು ದಿನ ತಪ್ಪುತ್ತಿತ್ತು. ಕಂಡುಹಿಡಿದೆ, ಸರಿ ಮಾಡಿದೆ, 1.10 ಅಂತ ಹೆಸರಿಟ್ಟು ಸರ್ವರ್‌ಗೆ ಏರಿಸಿದೆ. ನೆಮ್ಮದಿಯಿಂದ ಮಲಗಿದೆ. ನಾಲ್ಕು ತಿಂಗಳಾದ ಮೇಲೆ ಒಂದು ಸಂಘದ ಕಾರ್ಯದರ್ಶಿಗಳ ಫೋನು ಬಂತು. ಆಡಿಟರ್ ಬಂದಿದ್ದಾರೆ, ಬಡ್ಡಿ ತಾಳೆ ಆಗ್ತಿಲ್ಲ ಅಂದರು. ಅಪ್‌ಡೇಟ್ ಮಾಡಿಲ್ವಾ ಸಾರ್ ಅಂತ ನಾನು ಸ್ವಲ್ಪ ಗಡುಸಾಗೇ ಕೇಳಿದೆ. "ದಿನಾ ಬೆಳಿಗ್ಗೆ ಆ ಬಟನ್ ಒತ್ತುತೀನಿ ಸಾರ್, ದಿನಾ ಎಲ್ಲ ಸರಿ ಇದೆ ಅಂತ ಬರುತ್ತೆ" ಅಂದರು. ನೋಡಿದರೆ ಒಂದೇ ಒಂದು ಸಂಘವೂ 1.9 ದಾಟಿರಲಿಲ್ಲ. ಒಂದರಿಂದ ಒಂಬತ್ತರವರೆಗೆ ನನ್ನ ಹೋಲಿಕೆ ಕೋಡು ಒಮ್ಮೆಯೂ ತಪ್ಪಿರಲಿಲ್ಲ. ಅದರ ಮೋಸವೇ ಅದು. ಬರೆದ ದಿನ ಪರೀಕ್ಷೆ ಮಾಡಿದರೆ ಪಾಸಾಗುತ್ತೆ, ಒಂದೆರಡು ವರ್ಷ ಬಿಟ್ಟು, ಬರೆದವನಿಗೆ ಅದು ಮರೆತುಹೋದ ಮೇಲೆ ಕೈಕೊಡುತ್ತೆ.

ತಪ್ಪಿನ ಮೂಲ ಆ ಚುಕ್ಕಿಯಲ್ಲಿದೆ ಅನ್ನಿಸುತ್ತೆ. ಶಾಲೆಯಲ್ಲಿ ಚುಕ್ಕಿ ಅಂದರೆ ದಶಮಾಂಶ ಅಂತ ಒಂದೇ ಅರ್ಥ ಹೇಳಿಕೊಟ್ಟು ಬಿಟ್ಟರು. ಬದುಕಿನಲ್ಲಿ ಹಾಗಿಲ್ಲ. ಮುಹೂರ್ತ 10.30ಕ್ಕೆ ಅಂತ ಆಮಂತ್ರಣದಲ್ಲಿ ಅಚ್ಚಾಗಿದ್ದರೆ ಯಾರೂ ಹತ್ತು ಗಂಟೆಯಾಗಿ ಹದಿನೆಂಟು ನಿಮಿಷ ಅಂತ ಲೆಕ್ಕ ಹಾಕಲ್ಲ. ಕ್ರಿಕೆಟ್‌ನಲ್ಲಿ 9.5 ಓವರ್ ಆದಮೇಲೆ ಇನ್ನೊಂದು ಎಸೆತ ಬಿದ್ದರೆ 10, ಅಲ್ಲಿ 9.7 ಅನ್ನೋದೇ ಇಲ್ಲ. ಹೊಲದ ಸರ್ವೆ ನಂಬರಿನಲ್ಲಿ ಚುಕ್ಕಿ ಬದಲು ಓರೆಗೆರೆ ಇರುತ್ತೆ, 45/9 ಆದಮೇಲೆ 45/10. ಪಹಣಿ ಹಿಡಿದುಕೊಂಡು ಇವೆರಡರಲ್ಲಿ ಯಾವುದು ದೊಡ್ಡದು ಅಂತ ಭಾಗಾಕಾರ ಮಾಡುವವನನ್ನು ಊರಿನವರು ಸುಮ್ಮನೆ ಬಿಡಲ್ಲ. ಆವೃತ್ತಿ ಸಂಖ್ಯೆ ಈ ಸರ್ವೆ ನಂಬರಿನ ಜಾತಿಯದು. ಅದೊಂದು ವಿಳಾಸ. ನಾವು ಅದನ್ನ 'ಒನ್ ಪಾಯಿಂಟ್ ಟೆನ್' ಅಂತ ಓದಿ ಓದಿ, ಅದು ಒಂದು ಸಂಖ್ಯೆ ಅಂತ ನಂಬಿಬಿಟ್ಟಿದ್ದೀವಿ.

ನಂಬಿದವರು ಚಿಕ್ಕವರು ಮಾತ್ರ ಅಲ್ಲ. ಪೈಥಾನ್ ಭಾಷೆಯ 3.9 ಆದಮೇಲೆ 2021ರ ಅಕ್ಟೋಬರಿನಲ್ಲಿ 3.10 ಬಂತು. ಅಷ್ಟು ಹೊತ್ತಿಗೆ ಎಷ್ಟೋ ಪ್ರೋಗ್ರಾಂಗಳು ಆವೃತ್ತಿಯ ಪಠ್ಯದಿಂದ ಮೊದಲ ಮೂರು ಅಕ್ಷರ ಕತ್ತರಿಸಿಕೊಂಡು ಬದುಕುತ್ತಿದ್ದವು. 3.8 ಇದ್ದಾಗ ಮೂರಕ್ಷರ ಸಾಕಿತ್ತು. 3.10 ಬಂದಾಗ ಸಿಕ್ಕಿದ್ದು 3.1, ಅಂದರೆ 2009ರ ಪೈಥಾನು. ಇನ್ನೊಂದು ಕಡೆ, ಗಿಟ್‌ಹಬ್‌ನಲ್ಲಿ ಯಾವ ಪೈಥಾನ್ ಬೇಕು ಅಂತ ಯಾಮಲ್ ಕಡತದಲ್ಲಿ ಉದ್ಧರಣ ಚಿಹ್ನೆ ಹಾಕದೆ 3.10 ಅಂತ ಬರೆದವರಿಗೂ ಅದೇ 3.1 ಸಿಕ್ಕಿತು. ಯಾಮಲ್ ಅದನ್ನ ದಶಮಾಂಶ ಅಂತ ಓದಿ, ಕೊನೆಯ ಸೊನ್ನೆಗೆ ಬೆಲೆಯಿಲ್ಲ ಅಂತ ಬಿಸಾಕುತ್ತೆ. ಗಣಿತದಲ್ಲಿ ಸರಿಯೇ. ಪೈಥಾನ್ ಮಾಡಿದವರು ಬಿಡಿ ಬಿಡಿ ಪೂರ್ಣಾಂಕಗಳಾಗಿ ಆವೃತ್ತಿ ಕೊಡುವ ವ್ಯವಸ್ಥೆಯನ್ನು ಮೊದಲೇ ಇಟ್ಟಿದ್ದರು. ಆದರೂ ಜನ ಅಕ್ಷರ ಕತ್ತರಿಸಿದರು. ಕತ್ತರಿ ಕೈಗೆ ಹತ್ತಿರ ಇತ್ತು, ಅಷ್ಟೇ.

ಚುಕ್ಕಿಗಳನ್ನೆಲ್ಲ ಕಿತ್ತು ಹಾಕಿ ಒಂದೇ ದೊಡ್ಡ ಸಂಖ್ಯೆ ಮಾಡಿಕೊಳ್ಳುವ ಜಾಣರೂ ಇದ್ದಾರೆ. 1.9.15 ಆಗ 1915 ಆಗುತ್ತೆ, 2.0.0 ಬರೀ 200 ಆಗುತ್ತೆ. ಇದರ ಬಗ್ಗೆ ಹೆಚ್ಚು ಹೇಳೋದು ಬೇಡ.

ಸ್ವಲ್ಪ ಗೌರವ ಕೊಡಬೇಕಾದ ತಪ್ಪು ಇನ್ನೊಂದಿದೆ. ಪ್ರತಿ ಭಾಗಕ್ಕೂ ಇಂತಿಷ್ಟು ಜಾಗ ಅಂತ ಮೀಸಲಿಟ್ಟು, ಸ್ಥಾನಬೆಲೆ ಕೊಟ್ಟು, ಒಂದೇ ಪೂರ್ಣಾಂಕ ಮಾಡಿಕೊಳ್ಳೋದು. ಲಿನಕ್ಸ್ ಕರ್ನಲ್ ಇದನ್ನೇ ಮಾಡುತ್ತೆ. ಮೂರನೇ ಭಾಗಕ್ಕೆ ಎಂಟು ಬಿಟ್ ಜಾಗ, ಅಂದರೆ 255ರವರೆಗೆ ಹಿಡಿಸುತ್ತೆ. ಮೂರನೇ ಸಂಖ್ಯೆ 255 ದಾಟುವವರೆಗೆ ಯಾರು ಒಂದೇ ಸರಣಿಯನ್ನ ರಿಪೇರಿ ಮಾಡ್ತಾ ಕೂರ್ತಾರೆ ಅಂತ ಅಂದುಕೊಂಡಿರಬೇಕು. ಕೂತರು. 4.4 ಮತ್ತು 4.9 ಸರಣಿಗಳನ್ನ ವರ್ಷಗಟ್ಟಲೆ ನೋಡಿಕೊಂಡ ಗ್ರೆಗ್ ಕ್ರೋ-ಹಾರ್ಟ್‌ಮನ್ 2021ರ ಫೆಬ್ರವರಿಯಲ್ಲಿ 255 ಮುಟ್ಟಿದರು. ಹಳೆಯ ಲೆಕ್ಕದಲ್ಲಿ 4.4.256ರ ಸಂಕೇತವೂ 4.5.0ರ ಸಂಕೇತವೂ ಒಂದೇ. ಅವರು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು: 256ನೆಯದನ್ನು ಸಂಖ್ಯೆ ಬದಲಾವಣೆ ಬಿಟ್ಟು ಬೇರೇನೂ ಇಲ್ಲದೆ ಬಿಡುಗಡೆ ಮಾಡಿದರು. ಏನಾದರೂ ಒಡೆದರೆ ಸಂಖ್ಯೆಯಿಂದಲೇ ಒಡೆಯಿತು ಅಂತ ಗೊತ್ತಾಗಲಿ ಅಂತ. ಆಮೇಲೆ ಆ ಸಂಕೇತದಲ್ಲಿ ಮೂರನೇ ಭಾಗವನ್ನು 255ಕ್ಕೇ ನಿಲ್ಲಿಸಿದರು. 4.4 ಸರಣಿ 302ರವರೆಗೆ ಹೋಯಿತು. ಕೋಡು ಕೇಳಿದರೆ ಮಾತ್ರ 255 ಅನ್ನುತ್ತೆ, ವಯಸ್ಸು ಕೇಳಿದರೆ ಅರವತ್ತಕ್ಕೇ ನಿಲ್ಲಿಸಿಕೊಂಡವರ ಹಾಗೆ.

ಹೀಗೆ ಸಂಖ್ಯೆಯೇ ಸುಳ್ಳು ಹೇಳೋದು ಅಪರೂಪ ಅಂದುಕೊಂಡಿದ್ದೆ. ಹುಡುಕಿದಷ್ಟೂ ಸಿಗುತ್ತೆ. ವಿಂಡೋಸ್ 95 ನಿಜಕ್ಕೂ 4.0. ಹಳೆಯ 16-ಬಿಟ್ ಪ್ರೋಗ್ರಾಂ ಬಂದು ನೀನ್ಯಾರು ಅಂದರೆ ಅದು 3.95 ಅನ್ನುತ್ತಿತ್ತು. ಆವೃತ್ತಿಯನ್ನು ತಪ್ಪಾಗಿ ಹೋಲಿಸುವ ಪ್ರೋಗ್ರಾಂಗಳು ಅಷ್ಟಿದ್ದವು, 4.0 ಅಂದರೆ ಅವು ನೀನು 3.10ಕ್ಕಿಂತ ಹಳಬ ಅಂತ ಹೇಳಿ ಎದ್ದು ಹೋಗುವ ಅಪಾಯ ಇತ್ತು. ವಿಂಡೋಸ್ 7 ಒಳಗೆ 6.1. ವಿಂಡೋಸ್ 11 ಒಳಗೆ ಇವತ್ತಿಗೂ 10.0, ಅದರ ಹಿಂದಿನ ಬಿಲ್ಡ್ ಸಂಖ್ಯೆ 22000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹನ್ನೊಂದು ಅಂತ ತಿಳಿದುಕೊಳ್ಳಬೇಕು. ಒಪೇರಾ ಬ್ರೌಸರ್ 2009ರಲ್ಲಿ ಹತ್ತನೇ ಆವೃತ್ತಿಗೆ ಬಂದಾಗ ಜಾಲತಾಣಗಳು ಮೊದಲ ಅಂಕಿ ಮಾತ್ರ ಓದಿ 'ಒಪೇರಾ 1, ಬಹಳ ಹಳೆಯದು, ಹೋಗಾಚೆ' ಅಂದವು. ಕೊನೆಗೆ ಅದು ತನ್ನನ್ನು 9.80 ಅಂತಲೇ ಪರಿಚಯಿಸಿಕೊಂಡು, ನಿಜವಾದ 10.00 ಅನ್ನು ಸಾಲಿನ ಕೊನೆಯಲ್ಲಿ ಸೇರಿಸಿತು. ಲಿನಕ್ಸ್ 2.6.39 ಆದಮೇಲೆ 2011ರಲ್ಲಿ 3.0ಕ್ಕೆ ಜಿಗಿದಾಗ, ಹಳೇ ಪ್ರೋಗ್ರಾಂಗಳಿಗಾಗಿ 2.6.40 ಅಂತ ಹೇಳಿಕೊಳ್ಳುವ ಏರ್ಪಾಡು ಮಾಡಬೇಕಾಯಿತು. ಆಪಲ್‌ನವರ ಮ್ಯಾಕ್ ಹತ್ತರಲ್ಲೇ ಇಪ್ಪತ್ತು ವರ್ಷ ಕಳೆದು 2020ರಲ್ಲಿ 11 ಆಯಿತು, ಹಳೆಯ ಕಿಟ್‌ನಲ್ಲಿ ಕಟ್ಟಿದ ಆಪ್‌ಗಳಿಗೆ 10.16 ಅಂದಿತು. ಕ್ರೋಮ್ ನೂರನೇ ಆವೃತ್ತಿಗೆ ಬರುವ ಮೊದಲು, ಮೂರಂಕಿ ಕಂಡು ತಾಣಗಳು ಒಡೆದರೆ 99ಕ್ಕೇ ನಿಂತು ನಿಜವಾದ ಸಂಖ್ಯೆಯನ್ನು ಎರಡನೇ ಭಾಗದಲ್ಲಿ ಅಡಗಿಸುವ ಯೋಜನೆ ಸಿದ್ಧವಾಗಿತ್ತು. 2022ರ ಮಾರ್ಚ್‌ನಲ್ಲಿ ನೂರು ಬಂತು, ಆ ಯೋಜನೆಯ ಅಗತ್ಯ ಬೀಳಲಿಲ್ಲ.

ಇವನ್ನೆಲ್ಲ ಸಾಮಾನ್ಯವಾಗಿ ದೊಡ್ಡ ಕಂಪನಿಗಳ ಮಜಾ ಕಥೆಗಳಾಗಿ ಹೇಳ್ತಾರೆ. ನನಗೆ ಕಾಣೋದು ಬೇರೆ. ಹೋಲಿಕೆಯ ಕೋಡು ಒಮ್ಮೆ ಊರೂರಿಗೆ ಹೋಗಿ ಕೂತಮೇಲೆ ಅದನ್ನು ತಿದ್ದೋಕೆ ಯಾರ ಕೈಲೂ ಆಗಲ್ಲ. ಅದು ತಪ್ಪು ಅಂತ ಗೊತ್ತಿದ್ದೂ ಜಗತ್ತಿನ ಅತಿ ದೊಡ್ಡ ತಂತ್ರಾಂಶಗಳು ಅದರ ಮುಂದೆ ಬಗ್ಗಿ ನಡೆಯಬೇಕು. ಯಾರೋ ಒಬ್ಬ ಸಂಜೆ ಐದೂವರೆಗೆ ಬಸ್ಸು ತಪ್ಪುತ್ತೆ ಅಂತ ಬರೆದ ಎರಡು ಸಾಲು.

ಅಪ್‌ಡೇಟ್ ಹುಡುಕುವ ಕೋಡಿನಲ್ಲಿ ಈ ತೊಂದರೆಗೆ ಇನ್ನೊಂದು ಸುತ್ತು ಜಾಸ್ತಿ. ಬೇರೆ ಯಾವುದೇ ಬಗ್ ಆದರೂ ಅಪ್‌ಡೇಟ್ ಕಳಿಸಿ ಸರಿ ಮಾಡಬಹುದು. ಈ ಬಗ್ ಕೂತಿರೋದು ಅಪ್‌ಡೇಟ್ ಬರುವ ಬಾಗಿಲಿನಲ್ಲೇ. ಔಷಧಿ ತರುವವನನ್ನೇ ಕಾವಲುಗಾರ ಹೊರಗೆ ನಿಲ್ಲಿಸಿದ ಹಾಗೆ. ನಾನು 1.10ರಲ್ಲಿ ಹೋಲಿಕೆಯನ್ನೂ ಸರಿ ಮಾಡಿ 1.11 ಅಂತ ಬಿಟ್ಟರೆ, ಅದೂ 1.9ರ ಕಣ್ಣಿಗೆ ಹಳೆಯದೇ. ಹಾಗಾಗಿ ನಾನೂ ಮೇಲಿನ ಸಾಲಿಗೆ ಸೇರಿದೆ. ಒಳಗೆ ಏನೇನೂ ಹೊಸದಿಲ್ಲದ ಒಂದು 2.0 ಬಿಡುಗಡೆ ಮಾಡಿದೆ. ಅಕ್ಷರ ಹೋಲಿಕೆಯಲ್ಲೂ ಎರಡು ಒಂದಕ್ಕಿಂತ ದೊಡ್ಡದು, ಹಾಗಾಗಿ ಎಲ್ಲ ಸಂಘಗಳಿಗೂ ಒಂದೇ ದಿನ ತಲುಪಿತು. ಮಾರನೇ ದಿನ ಕಾರ್ಯದರ್ಶಿಗಳು ಫೋನ್ ಮಾಡಿ, "ಟೂ ಪಾಯಿಂಟ್ ಜೀರೋ ಬಂದಿದೆ, ಏನೇನು ಹೊಸದು ಹಾಕಿದ್ದೀರಿ ಸಾರ್?" ಅಂದರು. ಬಡ್ಡಿ ಲೆಕ್ಕ ಸರಿ ಮಾಡಿದ್ದೀನಿ ಅಂದೆ. "ಅಂದ್ರೆ ಇಷ್ಟು ದಿನ?" ಅಂದರು.

ಹಾಗಾದರೆ ಸರಿಯಾದ ದಾರಿ ಯಾವುದು? ಚುಕ್ಕಿಯಲ್ಲಿ ಒಡೆದು, ಪ್ರತಿ ಭಾಗವನ್ನೂ ಪೂರ್ಣಾಂಕ ಮಾಡಿ, ಎಡದಿಂದ ಹೋಲಿಸಿ ಅಂತ ಎಲ್ಲರೂ ಹೇಳೋದು. ಬರೀ ಅಂಕಿಗಳಿರುವ ತನಕ ಇದು ಸರಿ. 2.0-ಬೀಟಾ ಬಂದ ದಿನ 'ಬೀಟಾ'ವನ್ನು ಪೂರ್ಣಾಂಕ ಮಾಡಲು ಹೋಗಿ ಮುಗ್ಗರಿಸುತ್ತೆ. ಇನ್ನೂ ಒಂದು ಪ್ರಶ್ನೆ ಇದೆ: 1.0 ಮತ್ತು 1.0.0 ಒಂದೇನಾ? ಪೈಥಾನ್ ಪ್ಯಾಕೇಜುಗಳ ನಿಯಮ ಒಂದೇ ಅನ್ನುತ್ತೆ. ಪಿಎಚ್‌ಪಿ ಭಾಷೆಯ ಹೋಲಿಕೆ ಫಂಕ್ಷನ್ 1.0 ಚಿಕ್ಕದು ಅನ್ನುತ್ತೆ, ಡೆಬಿಯನ್ ಕೂಡ ಹಾಗೇ. ಸೆಮ್‌ವರ್ ಅನ್ನುವ ನಿಯಮಾವಳಿಯ ಪ್ರಕಾರ 1.0 ಆವೃತ್ತಿ ಸಂಖ್ಯೆಯೇ ಅಲ್ಲ. ಮೂರು ಊರು, ಮೂರು ಪಂಚಾಂಗ. (ಅಂಕಿಯ ಮಾತು ಬಂದದ್ದಕ್ಕೆ: ಪೈಥಾನ್‌ಗೆ ೧೦ ಅಂತ ಕನ್ನಡದಲ್ಲೇ ಬರೆದು ಪೂರ್ಣಾಂಕ ಮಾಡು ಅಂದರೆ ಹತ್ತು ಅಂತ ಸರಿಯಾಗಿ ಓದುತ್ತೆ. ಜಾವಾಸ್ಕ್ರಿಪ್ಟ್‌ಗೆ ಕೊಟ್ಟರೆ ಇದು ಸಂಖ್ಯೆಯಲ್ಲ ಅನ್ನುತ್ತೆ. ನನ್ನ ಓಟು ಪೈಥಾನ್‌ಗೆ.)

ಸೆಮ್‌ವರ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ಇವತ್ತು ಅದನ್ನು ಧರ್ಮಗ್ರಂಥದ ಹಾಗೆ ತೋರಿಸ್ತಾರೆ. ಗಿಟ್‌ಹಬ್ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಬರೆದದ್ದು. ಮೊದಲ ಅಂಕಿ ಏರಿದರೆ ಹಳೆಯದು ಒಡೆಯುತ್ತೆ, ಎರಡನೆಯದು ಏರಿದರೆ ಹೊಸದು ಸೇರಿದೆ, ಮೂರನೆಯದು ಏರಿದರೆ ರಿಪೇರಿ ಆಗಿದೆ. ಒಳ್ಳೆಯ ಮಾತು. ಹೋಲಿಕೆಯ ನಿಯಮವನ್ನೂ ಸಂದೇಹಕ್ಕೆ ಎಡೆಯಿಲ್ಲದೆ ಬರೆದಿದ್ದಾರೆ. ಆದರೆ ಬಿಡುಗಡೆಗೆ ಮುಂಚಿನ ಆವೃತ್ತಿಗಳ ನಿಯಮ ನೋಡಿ. ಗೆರೆಯ ನಂತರದ ಭಾಗಗಳನ್ನು ಚುಕ್ಕಿಯಲ್ಲಿ ಒಡೀಬೇಕು, ಬರೀ ಅಂಕಿಯಿದ್ದರೆ ಅಂಕಿಯಾಗಿ ಹೋಲಿಸಬೇಕು, ಅಕ್ಷರ ಸೇರಿದ್ದರೆ ಅಕ್ಷರವಾಗಿ. ಅಂದರೆ 'ಆರ್‌ಸಿ.10' ಅಂತ ನಡುವೆ ಚುಕ್ಕಿ ಇಟ್ಟರೆ ಅದು 'ಆರ್‌ಸಿ.9'ಕ್ಕಿಂತ ದೊಡ್ಡದು. ಚುಕ್ಕಿ ಮರೆತು 'ಆರ್‌ಸಿ10' ಅಂದರೆ 'ಆರ್‌ಸಿ9'ಕ್ಕಿಂತ ಚಿಕ್ಕದು. ಯಾವ ಹಳ್ಳಕ್ಕೆ ಬೀಳಬಾರದು ಅಂತ ಇಷ್ಟೆಲ್ಲ ನಿಯಮ ಬರೆದರೋ ಅದೇ ಹಳ್ಳವನ್ನು ಹಿತ್ತಲಲ್ಲಿ ತೋಡಿ ಇಟ್ಟುಕೊಂಡಿದ್ದಾರೆ. ನಿಯಮದ ಪ್ರಕಾರ ನಡೆದೇ ಬೀಳಬಹುದು ಅನ್ನೋದು ಒಂದು ಅನುಕೂಲ.

ಪಿಎಚ್‌ಪಿಯ ಫಂಕ್ಷನ್ ಇದಕ್ಕಿಂತ ಮನುಷ್ಯರ ಹತ್ತಿರದ್ದು. ಅದಕ್ಕೆ ಕೆಲವು ಪದ ಬಾಯಿಪಾಠ: ಮೊದಲು ಡೆವ್, ಆಮೇಲೆ ಆಲ್ಫಾ, ಬೀಟಾ, ಆರ್‌ಸಿ, ಅದರ ಮೇಲೆ ಅಂಕಿ. ಗೊತ್ತಿಲ್ಲದ ಪದ ಬಂದರೆ ಎಲ್ಲಕ್ಕಿಂತ ಕೆಳಗೆ ಕೂರಿಸುತ್ತೆ. ಶಾಸ್ತ್ರೀಯವಲ್ಲ, ಆದರೆ ಕೆಲಸ ನಡೆಯುತ್ತೆ. ನನಗೆ ಎಲ್ಲಕ್ಕಿಂತ ಮೆಚ್ಚುಗೆ ಡೆಬಿಯನ್‌ನದು. ಅವರಿಗೆ ಊರಿನ ಎಲ್ಲರ ಸರಕನ್ನೂ ಒಂದೇ ಅಂಗಡಿಯಲ್ಲಿ ಇಡಬೇಕು, ಇನ್ನೊಬ್ಬರು ಸಂಖ್ಯೆ ಹೇಗಿಡಬೇಕು ಅಂತ ಹೇಳುವ ಅಧಿಕಾರ ಇಲ್ಲ. ಹಾಗಾಗಿ ಪಠ್ಯವನ್ನು ಅಂಕಿ ತುಂಡು, ಅಕ್ಷರ ತುಂಡು ಅಂತ ಬಿಡಿಸಿ, ಅಂಕಿಯನ್ನು ಅಂಕಿಯಾಗಿಯೇ ಹೋಲಿಸ್ತಾರೆ. ಜೊತೆಗೆ ~ ಅನ್ನುವ ಒಂದು ಚಿಹ್ನೆಗೆ ವಿಶೇಷ ಅರ್ಥ ಕೊಟ್ಟರು: ಅದು ಏನೂ ಇಲ್ಲದ್ದಕ್ಕಿಂತಲೂ ಚಿಕ್ಕದು. 1.0~ಆರ್‌ಸಿ1 ಆಗ 1.0ಕ್ಕಿಂತ ಮುಂಚೆ ಬರುತ್ತೆ. ಇನ್ನೊಬ್ಬರು ಸಂಖ್ಯೆ ಪದ್ಧತಿಯನ್ನೇ ಬದಲಿಸಿ ಹಿಂದೆ ಹೋದರೆ? ಎಲ್ಲದರ ಮುಂದೆ ಒಂದು ಯುಗಸಂಖ್ಯೆ, ಕೋಲನ್ ಹಾಕಿ. ಹೊಸ ಯುಗದ ಯಾವ ಸಂಖ್ಯೆಯೂ ಹಳೆ ಯುಗದ ಎಲ್ಲ ಸಂಖ್ಯೆಗಿಂತ ದೊಡ್ಡದು. ನಾನು 2.0 ಅಂತ ಕದ್ದು ಮಾಡಿದ್ದನ್ನ ಅವರು ಎಲ್ಲರಿಗೂ ಕಾಣುವ ಹಾಗೆ ಮಾಡ್ತಾರೆ.

ಡಾನಲ್ಡ್ ಕನೂತ್ ಅವರ ಟೆಕ್ ತಂತ್ರಾಂಶದ ಆವೃತ್ತಿ ಪೈ ಕಡೆಗೆ ಹೋಗುತ್ತೆ ಅನ್ನೋದು ಹಲವರಿಗೆ ಗೊತ್ತು. 3.14, 3.141, 3.1415, ಹೀಗೆ 2021ಕ್ಕೆ 3.141592653. ತಮಾಷೆ ಅಂದರೆ ಇದನ್ನ ದಶಮಾಂಶ ಅಂತ ಹೋಲಿಸಿ, ಅಕ್ಷರ ಅಂತ ಹೋಲಿಸಿ, ಚುಕ್ಕಿಯಲ್ಲಿ ಒಡೆದು ಹೋಲಿಸಿ, ಮೂರು ದಾರಿಯಲ್ಲೂ ಉತ್ತರ ಸರಿ ಬರುತ್ತೆ. ನಮ್ಮ ನಿಮ್ಮ ಪ್ರೋಗ್ರಾಂಗಳಿಗೆ ಆ ಭಾಗ್ಯ ಇಲ್ಲ.

ಅಪ್‌ಡೇಟ್ ಹುಡುಕೋದಷ್ಟೇ ಕೆಲಸ ಆದರೆ, ಆಂಡ್ರಾಯ್ಡ್ ಮಾಡಿದ ಏರ್ಪಾಡು ಸಾಕು ಅಂತ ನನ್ನ ಅಭಿಪ್ರಾಯ. ಅಲ್ಲಿ ಪ್ರತಿ ಆಪ್‌ಗೂ ಎರಡು ಆವೃತ್ತಿ. ಒಂದು ಜನರಿಗೆ ತೋರಿಸುವ ಹೆಸರು, 1.10 ಅನ್ನಿ, ಯುಗಾದಿ ಅನ್ನಿ, ಯಾರೂ ಕೇಳಲ್ಲ. ಇನ್ನೊಂದು ಬರೀ ಪೂರ್ಣಾಂಕ, ಪ್ರತಿ ಬಿಡುಗಡೆಗೂ ಏರಲೇಬೇಕು. ಹೋಲಿಕೆ ಎರಡನೆಯದರದ್ದು ಮಾತ್ರ. ಪ್ಲೇ ಸ್ಟೋರ್‌ನಲ್ಲಿ ಅದರ ಗರಿಷ್ಠ ಮಿತಿ 2100000000. ದಿನಕ್ಕೊಂದು ಅಪ್‌ಡೇಟ್ ಬಿಟ್ಟರೂ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ತೊಂದರೆ ಇಲ್ಲ. ದೊಡ್ಡದು ಚಿಕ್ಕದು ಯಾಕೆ, ಸರ್ವರಿನದು ನನ್ನದಕ್ಕಿಂತ ಬೇರೆ ಇದ್ದರೆ ಹಾಕಿಕೊಂಡರಾಯಿತಲ್ಲ ಅಂತ ಒಬ್ಬ ಗೆಳೆಯ ವಾದ ಮಾಡಿದ. ಮೋಸಗಾರನೊಬ್ಬ ನಡುವೆ ನಿಂತು, ತೂತಿರುವ ಹಳೇ ಆವೃತ್ತಿಯನ್ನೇ 'ಹೊಸದು' ಅಂತ ಕೊಟ್ಟರೆ ಆ ಕೋಡು ಖುಷಿಯಿಂದ ಹಾಕಿಕೊಳ್ಳುತ್ತೆ. ಹಿಂದಕ್ಕೆ ಹೋಗಬಾರದು ಅಂತಾದರೆ ಕ್ರಮ ಬೇಕೇ ಬೇಕು.

ಆದರೂ ನನ್ನ ತಕರಾರು ಹೋಲಿಕೆಯ ಬಗ್ಗೆ ಅಷ್ಟಾಗಿ ಇಲ್ಲ. ತಪ್ಪು ಹೋಲಿಕೆ ಎಲ್ಲರೂ ಬರೀತಾರೆ. ತಪ್ಪಿದಾಗ ಕೋಡು ಯಾವ ಕಡೆಗೆ ಬೀಳುತ್ತೆ ಅನ್ನೋದು ನನ್ನನ್ನು ಕಾಡೋದು. ಎಷ್ಟೋ ಪ್ರೋಗ್ರಾಂಗಳ ಅಪ್‌ಡೇಟ್ ಕೋಡು ತೆರೆದು ನೋಡಿದ್ದೀನಿ, ನನ್ನದೂ ಸೇರಿ. ನೆಟ್ ಸಿಗಲಿಲ್ಲವಾ? ಅಪ್‌ಡೇಟ್ ಇಲ್ಲ. ಸರ್ವರ್ ಕೊಟ್ಟದ್ದು ಓದಲಾಗಲಿಲ್ಲವಾ? ಅಪ್‌ಡೇಟ್ ಇಲ್ಲ. 'ಬೀಟಾ'ವನ್ನು ಸಂಖ್ಯೆ ಮಾಡಲು ಹೋಗಿ ಒಡೆಯಿತಾ? ಹಿಡಿದು, ಬಾಯಿ ಮುಚ್ಚಿ, ಅಪ್‌ಡೇಟ್ ಇಲ್ಲ. 'ಗೊತ್ತಿಲ್ಲ' ಅನ್ನುವ ಜಾಗದಲ್ಲೆಲ್ಲ 'ಇಲ್ಲ' ಅಂತ ಬರೆದಿರ್ತೀವಿ. ಬಳಸುವವರಿಗೆ ತೊಂದರೆ ಕೊಡಬಾರದು ಅನ್ನೋದು ನೆಪ. ಆ ಕಾರ್ಯದರ್ಶಿಗಳು ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಬಟನ್ ಒತ್ತಿದ್ದರು. ಅವರಿಗೆ ಸಂದೇಹ ಬರದ ಹಾಗೆ ನೋಡಿಕೊಂಡದ್ದು ನನ್ನ ಹಸಿರು ಟಿಕ್ಕು.

ಈಗ ಹಸಿರು ಟಿಕ್ ತೆಗೆದಿದ್ದೀನಿ. ಬಟನ್ ಒತ್ತಿದರೆ ಎರಡು ಸಾಲು ಬರುತ್ತೆ, ನಿಮ್ಮಲ್ಲಿರುವುದು ಇಷ್ಟು, ಸರ್ವರ್‌ನಲ್ಲಿರುವುದು ಇಷ್ಟು. ಹೋಲಿಸಲು ಆಗದಿದ್ದರೆ ಆಗಲಿಲ್ಲ ಅಂತ ಮೂರನೇ ಸಾಲು, ಕೆಳಗೆ ನನ್ನ ಫೋನ್ ನಂಬರು. ಕಾರ್ಯದರ್ಶಿಗಳು ಮೊದಲ ವಾರವೇ ಫೋನ್ ಮಾಡಿ, "ನಿಮ್ಮದು ಟೂ ಪಾಯಿಂಟ್ ಟೆನ್, ನಮ್ಮದು ಟೂ ಪಾಯಿಂಟ್ ನೈನ್ ಅಂತ ತೋರಿಸ್ತಿದೆ, ನಮ್ಮದೇ ದೊಡ್ಡದಲ್ವಾ ಸಾರ್?" ಅಂತ ಕೇಳಿದರು. ಸರ್ವೆ ನಂಬರ್ ಲೆಕ್ಕ ಹೇಳಿದೆ. "ಓ, ಹಂಗಾ" ಅಂದು ಬಟನ್ ಒತ್ತಿದರು.